ಜರ್ಮನ್ ಟ್ಯೂಬಾಕ್ಕೆ ಸುರಗಿಯ ಸ್ನಾನ

1963ನೇ ಇಸವಿ, ಫೆಬ್ರುವರಿ 17, ರವಿವಾರ. ನನ್ನ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: ‘ತಿಕೋಟದಿಂದ ಟ್ಯೂಬಾ ತಂದೆ. ಬಸ್ಸಿಗೆ ಏರಿಸಲು ಮೂವರು ಬೇಕಾದರು.’

ಆಗ ನನಗೆ ಇಪ್ಪತ್ನಾಲ್ಕು ವರ್ಷ. ವಿಜಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ರಜೆಯ ದಿನಗಳಲ್ಲಿ ಗೆಳೆಯ ರಾಜೇಸಾಬನ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದೆ. ಡೋಲು ಬಾರಿಸುವ ರಾಜೇಸಾಬ ಯಾವಾಗಲೂ, “ನಮ್ಮ ಬ್ಯಾಂಡಿಗೆ ಗಂಟಲ ಐತಿ, ಹೊಟ್ಟಿ ಇಲ್ಲ ನೋಡು” ಎನ್ನುತ್ತಿದ್ದ. ಟ್ಯೂಬಾದಂಥ ತಗ್ಗಿನ ದನಿಯ ವಾದ್ಯ ನಮ್ಮಲ್ಲಿರಲಿಲ್ಲ. ತಿಕೋಟದಲ್ಲಿ ಸಿದ್ದಪ್ಪ ಎಂಬ ಹಿರಿಯರ ಮನೆಯಲ್ಲಿ ಅಂಥದ್ದೊಂದಿದೆ ಎಂದು ಅವನೇ ಸುದ್ದಿ ತಂದ.

ಸಿದ್ದಪ್ಪನವರು ಹಿಂದೆ ಒಂದು ಸಂಸ್ಥಾನದ ಬ್ಯಾಂಡಿನಲ್ಲಿದ್ದವರು. ಬ್ಯಾಂಡು ಮುಚ್ಚಿದಾಗ ಈ ವಾದ್ಯವನ್ನು ಊರಿಗೆ ತಂದುಕೊಂಡಿದ್ದರು. ಈಗ ಎದೆಬೇನೆ, ಊದಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವರು ಗೋಣಿತಟ್ಟು ಸರಿಸಿದಾಗ ಮೂಲೆಯಲ್ಲಿ ಕಂಡದ್ದು ಒಂದು ಹಿತ್ತಾಳೆಯ ಗುಡ್ಡ. ಬಾಯಿಯೇ ಒಂದು ಬುಟ್ಟಿಯಷ್ಟು ಅಗಲ. ಮೈಮೇಲೆ ಜರ್ಮನ್ ಅಕ್ಷರಗಳು. ನಮ್ಮ ತುತ್ತೂರಿಗಳಲ್ಲಿ ಗುಂಡಿ ಒತ್ತಿದರೆ ಒಳಗಿನ ದಂಡ ಕೆಳಗಿಳಿಯುತ್ತದೆ. ಇದರಲ್ಲಿ ಗುಂಡಿಯ ಬದಲು ಇರುವ ಸನ್ನೆಯನ್ನು, ಎಂದರೆ ಪುಟ್ಟ ಹಿಡಿಯನ್ನು, ಒತ್ತಿದರೆ ಒಳಗಿನ ಕೀಲು ಕಾಲು ಸುತ್ತು ತಿರುಗಿ ಗಾಳಿಗೆ ಬೇರೆ ದಾರಿ ತೆರೆಯುತ್ತದೆ. ಅಂಥ ಕೀಲುಗಳು ನಾಲ್ಕು.

ಊದಿ ನೋಡಿದೆ. ಮೊದಲ ಸಲ ಬರೀ ಗಾಳಿ. ಎರಡನೆಯ ಸಲ ಎಮ್ಮೆಯ ದನಿ. ಮೂರನೆಯ ಸಲ ಗೋಡೆಯ ಮಾಡದಲ್ಲಿದ್ದ ತಾಟುಗಳು ಝಲ್ ಎಂದವು. ಒಳಗಿನಿಂದ ಸಿದ್ದಪ್ಪನವರ ಹೆಂಡತಿ ನೀಲವ್ವ ಕೂಗಿದರು: “ಯಾರೋ ಅದು, ನನ್ನ ಸವತೀನ ಎಬಿಸಿದವ?”

ಸಿದ್ದಪ್ಪನವರು ನಗಲಿಲ್ಲ. ನನ್ನ ಕೈ ಹಿಡಿದು ಹೇಳಿದರು: “ತಮ್ಮಾ, ಏಪ್ರಿಲ್ ಇಪ್ಪತ್ತೆಂಟಕ್ಕ ಬಬಲೇಶ್ವರದಾಗ ನನ್ನ ಮಗಳ ಲಗ್ನ. ತಲಿಮ್ಯಾಲ ಅಕ್ಕಿಕಾಳು ಬೀಳೂ ಹೊತ್ತಿಗೆ ನಾನ ಊದಬೇಕಂತ ಇಪ್ಪತ್ತ ವರ್ಷದಿಂದ ಅನ್ಕೊಂಡು ಬಂದೇನಿ. ಈಗ ಆಗೂದಿಲ್ಲ. ನೀ ಊದಬೇಕು. ಊದ್ದಿ, ಇದು ನಿಂದು. ಊದಲಿಲ್ಲ, ನಿನ್ನ ರೊಕ್ಕ ನಿನಗ, ನನ್ನ ಜರ್ಮನ್ ನನಗ.”

ಒಪ್ಪಿ ರೊಕ್ಕ ಕೊಟ್ಟೆ. ಹೊರಡುವಾಗ ಅವರು ಹೇಳಿದ್ದು ಇನ್ನೊಂದೇ ಮಾತು: “ಕೀಲಿಗೆ ದಿನಾ ಒಂದೊಂದು ಹನಿ ಎಣ್ಣಿ ಬಿಡು. ಒಂದು ದಿನಾನೂ ತಪ್ಪಿಸಬ್ಯಾಡ.”

ಬಸ್ಸಿನಲ್ಲಿ ಕಂಡಕ್ಟರ್ ಟ್ಯೂಬಾದ ಸುತ್ತ ಒಂದು ಸುತ್ತು ಬಂದು, “ಏನ್ರಿ, ಇದಕ್ಕ ಟಿಕೀಟ ಅರ್ಧಾನೋ ಪೂರಾನೋ?” ಎಂದ. ಹಿಂದಿನ ಸೀಟಿನ ಮುದುಕನೊಬ್ಬ, “ಪೂರಾ ಹರೀರಿ, ನನಗಿಂತಾ ದಪ್ಪ ಐತಿ” ಎಂದ.

ಆ ಎರಡು ತಿಂಗಳ ಸುಖವನ್ನು ಹೇಗೆ ಹೇಳಲಿ? ಓಣಿಯವರಿಗೆ ತೊಂದರೆಯಾಗದಿರಲೆಂದು ಮುಂಜಾನೆ ತೊರವಿಯ ಕಡೆ ಬಯಲಿಗೆ ಒಯ್ಯುತ್ತಿದ್ದೆ. ಅದನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಊದಿದರೆ ದನಿ ಮೊದಲು ನನ್ನ ಹೊಟ್ಟೆಗೆ ಮುಟ್ಟಿ, ಆಮೇಲೆ ಕಿವಿಗೆ ಬರುತ್ತಿತ್ತು. ಮೇಯುತ್ತಿದ್ದ ಕುರಿಗಳು ಒಟ್ಟಿಗೆ ತಲೆ ಎತ್ತಿ ನೋಡುತ್ತಿದ್ದವು. ಒಂದು ಉಸಿರಿಗೆ ಎಷ್ಟು ಎಣಿಕೆ ನಿಲ್ಲುತ್ತದೆಂದು ದಿನಾ ಬರೆದಿಡುತ್ತಿದ್ದೆ. ಮೊದಲ ದಿನ ಆರು. ಮಾರ್ಚ್ ಕೊನೆಗೆ ಹದಿನೇಳು. ಪಕ್ಕದ ಕಾಲಮಿನಲ್ಲಿ ಎಣ್ಣೆಯ ಲೆಕ್ಕ. ಏಪ್ರಿಲ್ ಹದಿನೇಳರವರೆಗೆ ಐವತ್ತೊಂಬತ್ತು ದಿನ, ಒಂದೂ ತಪ್ಪಿಲ್ಲ. ಕೊನೆಕೊನೆಗೆ ಕೀಲುಗಳು ಸ್ವಲ್ಪ ಬಿಗಿ ಅನ್ನಿಸಿದಾಗ, ಬಿಸಿಲಿಗೆ ಹಾಗಾಗಿರಬೇಕೆಂದುಕೊಂಡು ಒಂದು ಹನಿಯ ಬದಲು ಎರಡು ಬಿಟ್ಟೆ.

ಹದಿನೆಂಟಕ್ಕೆ ಕಚೇರಿಯ ಕೆಲಸದ ಮೇಲೆ ಹೊರ ಊರಿಗೆ ಹೋಗಬೇಕಾಯಿತು. ತಿರುಗಿ ಬಂದದ್ದು ಇಪ್ಪತ್ತೇಳರ ಸಂಜೆ. ಕೀಲುಗಳು ಅಲುಗಲು ಒಲ್ಲೆ ಎನ್ನುತ್ತಿದ್ದವು. ಒಂಬತ್ತು ದಿನ ಎಣ್ಣೆ ತಪ್ಪಿದ್ದಕ್ಕೇ ಹೀಗಾಯಿತೆಂದು ಪ್ರತಿ ಕೀಲಿಗೂ ಒಂಬತ್ತೊಂಬತ್ತು ಹನಿ ಎಣಿಸಿ ಬಿಟ್ಟು ಮಲಗಿದೆ. ಬೆಳಗಾಗುವಷ್ಟರಲ್ಲಿ ಮೆದುವಾಗುತ್ತವೆ ಎಂಬ ನಂಬಿಕೆ.

ಮರುದಿನ ಬಬಲೇಶ್ವರದ ಮದುವೆಮನೆಯ ಹಂದರದ ಹಿಂದೆ ಕುಳಿತು ಸನ್ನೆ ಒತ್ತಿದೆ. ಅಲುಗಲಿಲ್ಲ. ಜೋರಾಗಿ ಒತ್ತಿದೆ. ಎರಡು ಕೀಲುಗಳು ಅರ್ಧ ತಿರುಗಿ ಅಲ್ಲೇ ನಿಂತುಬಿಟ್ಟವು. ಈಗ ಗಾಳಿ ಹಾಯಲು ದಾರಿಯೇ ಇಲ್ಲ. ಊದಿದರೆ ನನ್ನ ಕೆನ್ನೆ ಉಬ್ಬಿತೇ ಹೊರತು ಏನೂ ಬರಲಿಲ್ಲ.

ಹಂದರದಲ್ಲಿ ಸಿದ್ದಪ್ಪನವರು ಬೀಗರಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. “ಇನ್ನೊಂದು ತಾಸು ತಡೀರಿ. ನೆಲ ನಡಗತೈತಿ ನೋಡ್ರಿ!”

ರಾಜೇಸಾಬ ನನ್ನ ಮುಖ ನೋಡಿ, “ಲೇ, ಅವರಿಗೆ ಹೇಳಿಬಿಡೂನು” ಎಂದ. ನಾನು ಸನ್ನೆ ಒತ್ತುತ್ತಲೇ ಇದ್ದೆ. ವಾದ್ಯ ಕೈಬಿಡುತ್ತದೆ ಎಂಬ ಸಂಕಟ ಒಂದು ಕಡೆ. ಆ ಮನುಷ್ಯ ಇಪ್ಪತ್ತು ವರ್ಷ ಕಾದ ಗಳಿಗೆ ನನ್ನ ಕೈಯಲ್ಲಿ ಸತ್ತುಹೋಗುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಅಷ್ಟರಲ್ಲಿ ನಾಷ್ಟಾಕ್ಕೆ ಕರೆಯಲು ನೀಲವ್ವ ಬಂದರು. ವಿಷಯ ತಿಳಿದು, ಬಗ್ಗಿ ಕೀಲನ್ನು ಬೆರಳಿಂದ ಉಜ್ಜಿ ಮೂಸಿ ನೋಡಿದರು.

“ಯಾವ ಎಣ್ಣಿ ಬಿಟ್ಟೀ?”

“ಎಣ್ಣೀನ ರೀ… ಮನ್ಯಾಗಿಂದು. ಕುಸುಬಿ ಎಣ್ಣಿ.”

ನಮ್ಮ ಕಡೆ ಎಣ್ಣೆ ಎಂದರೆ ಕುಸುಬಿ ಎಣ್ಣೆಯೇ. ಬೇರೆ ಯಾವ ಎಣ್ಣೆಯೂ ನನ್ನ ತಲೆಗೆ ಹೊಳೆದಿರಲಿಲ್ಲ.

ನೀಲವ್ವ ಹಣೆ ಚಚ್ಚಿಕೊಂಡರು. “ಯಪ್ಪಾ! ಕುಸುಬಿ ಎಣ್ಣಿ ತೆಳ್ಳಗ ಹಚ್ಚಿ ನಾಕು ದಿನ ಬಿಟ್ರ ಅರಗಿನಂಗ ಹಿಡೀತೈತಿ. ಬಾಣಲಿ ತಿಕ್ಕೂ ಹೆಂಗಸರನ್ನ ಕೇಳು, ಹೇಳ್ತಾರ. ಅವರು ಎಣ್ಣಿ ಅಂದಿದ್ದು ಹೊಲಿಗಿ ಮಷಿನ್ ಎಣ್ಣಿ!”

“ಅವರು ಹಂಗಂತ ಹೇಳಲಿಲ್ಲ ರೀ.”

“ನೀ ಕೇಳಿದ್ದೇನು?”

ಕೇಳಿರಲಿಲ್ಲ.

“ಅವರ ಮುಂದ ಬಾಯಿ ಬಿಡಬ್ಯಾಡ. ಎದಿ ಹಿಡ್ಕೊಂಡು ಕುಂತಾರು. ರಾಜೇಸಾಬ, ನೀ ಡೋಲು ಬಾರಿಸ್ಕೋತ ಹಂದರದಾಗ ಇರು. ತಮ್ಮಾ, ನೀ ಇದನ್ನ ಹೊತ್ಕೊಂಡು ಹಿತ್ತಲಕ ಬಾ.”

ಹಿತ್ತಲಲ್ಲಿ ಆಗಷ್ಟೇ ಸುರಗಿ ಮುಗಿದಿತ್ತು. ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ನೀರೆರೆಯುವ ಶಾಸ್ತ್ರ ಅದು. ಹಂಡೆಯಲ್ಲಿ ಇನ್ನೂ ಅರ್ಧ ಕುದಿನೀರಿತ್ತು. ನೀಲವ್ವ ಬಟ್ಟೆ ಒಗೆಯುವ ಸೋಡಾ ಎರಡು ಮುಷ್ಟಿ ಹಾಕಿಸಿ, ಕೀಲುಗಳಿಗೆ ಹಳೆಯ ಅರಿವೆ ಸುತ್ತಿ, ಟ್ಯೂಬಾವನ್ನು ಅದೇ ಮಣೆಯ ಮೇಲೆ ಕೂಡಿಸಿದರು.

ಹೆಂಗಸರೆಲ್ಲ ಸುತ್ತ ಕೂಡಿದರು. “ನೀಲವ್ವಾ, ಮಗಳ ಸುರಗಿ ಆತು. ಇದ್ಯಾರ್ದು?”

“ನನ್ನ ಸವತೀದು ಬೇ. ಇಷ್ಟು ವರ್ಷ ಮನ್ಯಾಗ ಕುಂತಿದ್ಲು, ಈಗ ಗಂಡ ಸಿಕ್ಕಾನ.”

“ಗಂಡ ಯಾರ?”

ನೀಲವ್ವ ತಂಬಿಗೆಯಿಂದಲೇ ನನ್ನನ್ನು ತೋರಿಸಿದರು. ನಗೆಯೋ ನಗೆ. ನಾನು ತಲೆ ತಗ್ಗಿಸಿ ನೀರು ಹಾಕುತ್ತಿದ್ದೆ. ಚಟವೇ ಅಂಥದ್ದು, ಆ ಗಾಬರಿಯಲ್ಲೂ ತಂಬಿಗೆ ಎಣಿಸುತ್ತಿದ್ದೆ. ಐದಕ್ಕೆ ಏನೂ ಇಲ್ಲ. ಎಂಟಕ್ಕೆ ಹಳದಿ ಜಿಗುಟು ಅರಿವೆಗೆ ಹತ್ತತೊಡಗಿತು. ಹಂದರದಿಂದ, “ಎಲ್ಲೈತಪಾ ನಮ್ಮ ಜರ್ಮನ್?” ಎಂಬ ಸಿದ್ದಪ್ಪನವರ ಕೂಗು, ಅದರ ಮೇಲೆಯೇ ರಾಜೇಸಾಬನ ಡೋಲು ಇನ್ನೂ ಜೋರು. ಹನ್ನೊಂದನೆಯ ತಂಬಿಗೆ ಹಾಕಿ ಮೊದಲ ಸನ್ನೆ ಒತ್ತಿದೆ. ‘ಟಕ್’ ಎಂದು ಕೀಲು ತಿರುಗಿ, ‘ಟಕ್’ ಎಂದು ಮರಳಿ ಬಂತು.

ನಾನು ಅಲ್ಲೇ ಹಸಿ ಕಲ್ಲಿನ ಮೇಲೆ ಕುಳಿತುಬಿಟ್ಟೆ. “ಕುಂದ್ರಬ್ಯಾಡ, ಇನ್ನಾ ಮೂರು ಅದಾವ” ಎಂದರು ನೀಲವ್ವ. ಉಳಿದ ಮೂರೂ ಒಂದೊಂದಾಗಿ ಸಡಿಲಾದವು. ಸೀಮೆಎಣ್ಣೆಯಿಂದ ತೊಳೆದು, ಪಕ್ಕದ ಮನೆಯ ದರ್ಜಿಯಿಂದ ತಂದ ಮಷಿನ್ ಎಣ್ಣೆಯನ್ನು ಅವರೇ ತಮ್ಮ ಕೈಯಿಂದ ಬಿಟ್ಟರು.

ಅಕ್ಕಿಕಾಳಿಗೆ ಸರಿಯಾಗಿ ಊದಿದೆ. ಅಷ್ಟು ತುಂಬಿದ ದನಿ ಅದರಿಂದ ಅದುವರೆಗೆ ನನಗೆ ಬಂದಿರಲಿಲ್ಲ. ಹಂದರದ ತಗಡು ಗುಂಯ್‌ಗುಟ್ಟಿತು. ಸಿದ್ದಪ್ಪನವರು ಕಣ್ಣು ಮುಚ್ಚಿ ನಿಂತಿದ್ದರು. ಮುಷ್ಟಿಯಲ್ಲಿ ಅಕ್ಕಿಯಿದ್ದರೂ ಮಗಳ ಮೇಲೆ ಹಾಕುವುದನ್ನು ಮರೆತಿದ್ದರು. ನೀಲವ್ವ ಮೊಣಕೈಯಿಂದ ತಿವಿದಾಗ ಎಚ್ಚೆತ್ತು ಹಾಕಿದರು.

ಆಮೇಲೆ ಬಂದು ಟ್ಯೂಬಾದ ಮೈ ಸವರಿದರು. “ಇದ್ಯಾಕಪಾ, ಇಷ್ಟು ಬೆಚ್ಚಗೈತಿ?”

“ಬಿಸಿಲಾಗ ಇತ್ತಲ್ರೀ” ಎಂದರು ನೀಲವ್ವ, ಕಣ್ಣು ಸಹ ಮಿಟುಕಿಸದೆ.

ನನಗೆ ಮನಸ್ಸು ತಡೆಯಲಿಲ್ಲ. ಊಟವಾದ ಮೇಲೆ ನಿಜ ಹೇಳಿಬಿಟ್ಟೆ. ಅವರು ಟ್ಯೂಬಾದ ಕೀಲು ಮೂಸಿ ನೋಡಿದರು. ಆಮೇಲೆ ನಕ್ಕರು, ಕೆಮ್ಮು ಬರುವ ತನಕ ನಕ್ಕರು. “ಎರಡು ತಿಂಗಳ ದಿನಾ ಒಗ್ಗರಣಿ ಹಾಕೀಯಲ್ಲೋ ತಮ್ಮಾ! ಯಾವ ಎಣ್ಣಿ ಅಂತ ನಾನರ ಹೇಳಬೇಕಿಲ್ಲೇನು. ಇರಲಿ. ಹಗೂರಕ ಒಯ್ಯಿ, ಇನ್ನ ಅದು ನಿಂದು.”

ಇದಾಗಿ ಐದು ವರ್ಷವಾಯಿತು. ದಿನಚರಿಯ ಲೆಕ್ಕದಂತೆ ಆ ಟ್ಯೂಬಾ ಇಲ್ಲಿಯವರೆಗೆ ನೂರಾ ಹನ್ನೆರಡು ಮದುವೆಗಳಲ್ಲಿ ನುಡಿದಿದೆ. ಆಗ ಒಂದು ದಿನವೂ ಎಣ್ಣೆ ತಪ್ಪಿಸಿಲ್ಲ ಎಂಬ ಹೆಮ್ಮೆಯಲ್ಲಿ, ಮಾಡುತ್ತಿರುವುದು ಸರಿಯೇ ಎಂದು ನಾನು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಕಚೇರಿಯಲ್ಲಿ ಕೆಲವರಿಗೆ ನನ್ನ ಪ್ರಶ್ನೆಗಳಿಂದ ಬೇಸರವಾಗುವುದೂ ಉಂಟು.

ಆ ಬೆಳಗಿನ ಭಯ ಈಗ ಮಸುಕಾಗಿದೆ. ಆದರೆ ಎಂದಾದರೂ ಬಿಗಿದುಕೊಂಡ ಚಿಲಕವೋ ಪೆಟ್ಟಿಗೆಯ ಬೀಗವೋ ಎಷ್ಟೋ ಹೊತ್ತಿನ ಮೇಲೆ ‘ಟಕ್’ ಎಂದು ಬಿಟ್ಟುಕೊಂಡರೆ, ನನಗೆ ಗೊತ್ತಿಲ್ಲದೆಯೇ ಎದೆ ತುಂಬ ಒಂದು ಉಸಿರು ಎಳೆದುಕೊಂಡು ನಿಧಾನವಾಗಿ ಬಿಡುತ್ತೇನೆ.