ಕಾರ್ಯಮ್ಮನ ಗಾಲ್ಫ್

ಶಿರಾ ದಾಟಿ ಕಳ್ಳಂಬೆಳ್ಳದ ಹತ್ತಿರ ಬೈಕ್ ನಿಲ್ಲಿಸಿದೆ. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಬೂದಿಗುಡ್ಡೆಗಳು ಈಗ ಒಂದೂ ಮರವಿಲ್ಲದ, ಗಾಳಿ ಬೀಸುವ ಗಾಲ್ಫ್ ಮೈದಾನವಾಗಿವೆ. ಗೇಟಿನ ಬೋರ್ಡಿನಲ್ಲಿ 'ಯಾರು ಬೇಕಾದರೂ ಆಡಬಹುದು' ಎಂದಿದೆ. ಅದರ ಕೆಳಗೇ ಕುರಿ ಕಾಯುವ ಹೆಂಗಸೊಬ್ಬಳು ಮಂದೆಯ ಸಮೇತ ಕಾವಲುಗಾರನೊಡನೆ ಜಗಳಕ್ಕೆ ನಿಂತಿದ್ದಳು.

"ಕಾರ್ಯಮ್ಮ, ಇನ್ಮೇಲೆ ಕುರಿ ಒಳಕ್ಕೆ ಬುಡಂಗಿಲ್ಲ ಕಣಮ್ಮ. ಆಡೋರಿಗೆ ಮಾತ್ರ."

"ಈ ಬೂದಿ ಮ್ಯಾಲೆ ಒಂದು ಗರಿಕೆ ಹುಟ್ತಿರ್ನಿಲ್ಲ. ರಾತ್ರಿಯೆಲ್ಲ ನಮ್ ಕುರಿ ಮಂದೆ ಇಲ್ಲೇ ತರುಬ್ಸಿ ಗೊಬ್ರ ಮಾಡ್ಕಂಡ್ರಿ. ಹುಲ್ಲು ಬಂದ್ಮ್ಯಾಲೆ ಕುರಿ ಬ್ಯಾಡ್ವಾ? ಕೊಡಣ್ಣ ಕೋಲು, ನಾನೂ ಆಡ್ತೀನಿ."

ಕಾವಲುಗಾರ ಬೋರ್ಡು ನೋಡಿದ, ತಲೆ ಕೆರೆದುಕೊಂಡ, ಕೋಲೂ ಚೆಂಡೂ ತಂದುಕೊಟ್ಟ.

ಕಾರ್ಯಮ್ಮ ಸೆರಗು ಸಿಕ್ಕಿಸಿ ಚೆಂಡನ್ನು ಮೆಲ್ಲಗೆ ತಟ್ಟಿದಳು. ಅದು ಎರಡು ಮಾರು ಉರುಳಿತು. ಅವಳ ಹಿಂದೆಯೇ ನುಗ್ಗಿದ ಕುರಿಗಳು ಮೇಯತೊಡಗಿದವು. ಮತ್ತೆ ತಟ್ಟಿದಳು. ಮತ್ತೆ ಎರಡೇ ಮಾರು.

ನನಗೆ ತಡೆಯಲಾಗಲಿಲ್ಲ. "ಜೋರಾಗಿ ಹೊಡೀಬೇಕಮ್ಮ" ಎಂದೆ.

ಅವಳು ತಲೆ ಎತ್ತಲಿಲ್ಲ.

"ಜೋರಾಗಿ ಹೊಡದ್ರೆ ಆಟ ಬಿರ್ರನೆ ಮುಗ್ದೋಯ್ತದೆ ಕಣಪ್ಪ. ಇವುಗಳ ಹೊಟ್ಟೆ ತುಂಬದು ಬ್ಯಾಡ್ವಾ?"