ಗಿಳಿಹಸಿರು ಚೀಟಿ

ಬೆಳಿಗ್ಗೆ ಎಮ್ಮೆ ಹಿಂಡಿದೆ, ಅಂಗಳ ಸಾರಿಸಿದೆ, ಹನ್ನೆರಡು ರೊಟ್ಟಿ ಬಡಿದೆ, ಕಡಲೆಹಿಟ್ಟು ಜರಡಿ ಹಿಡಿದೆ. ಇಷ್ಟೆಲ್ಲ ಮಾಡಿದ ಇದೇ ಕೈ, ಶಾಂತಕ್ಕಾ, ನಿನ್ನ ಹಸಿರನ್ನು ಕದ್ದು ನನ್ನ ಗಂಡನಿಗೆ ಕೊಟ್ಟಿತು. ಎಂಟು ವರ್ಷವಾಯಿತು — ಬಾಯಿ ಬಿಟ್ಟಿಲ್ಲ.

ಅಕ್ಕೋಳದಲ್ಲಿ ನಮ್ಮದು ನಿಮ್ಮದು ಒಂದೇ ಗೋಡೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನೀನು ತಂಬಾಕು ಹುರಿದು, ಕುಟ್ಟಿ, ಹಲ್ಲಿಗೆ ತಿಕ್ಕುವ ಮಿಶ್ರಿ ಮಾಡಿ ನಿಪ್ಪಾಣಿ ಸಂತೆಯಲ್ಲಿ ಮಾರುತ್ತಿದ್ದೆ. ಮೊದಲು ಕಾಗದದ ಪುಡಿಕೆಗೆ ಕೆಂಪು ಚೀಟಿ ಅಂಟಿಸಿದೆ. ಹೆಂಗಸರು ಮೂಸಿಯೂ ನೋಡದೆ "ಉರೀತೈತಿ" ಅಂದರು. ಬಿಳಿ ಅಂಟಿಸಿದರೆ ಹೆಣದ ಬಟ್ಟೆಯಂತೆ ಎಂದು ಮುಟ್ಟಲಿಲ್ಲ. ಆಮೇಲೆ ನೀನು ಬಳೆಗಾರನ ಮುಂದೆ ಕೂತು, ಬಸುರಿಗೆ ಕುಬಸದಲ್ಲಿ ತೊಡಿಸುವ ಹಸಿರು ಬಳೆ ಕೈಯಲ್ಲಿ ಹಿಡಿದು ಆ ಗಿಳಿಹಸಿರು ಬಣ್ಣ ಆರಿಸಿದೆ. ಒಳಗೆ ಅದೇ ಮಿಶ್ರಿ. ಆದರೂ ಬುಟ್ಟಿ ಖಾಲಿ!

"ಹಸರ ಕಂಡ್ರ ಬಾಯಿ ತಂಪಾಕ್ಕೈತಿ. ಓದಾಕ ಯಾರಿಗೆ ಬರ್ತೈತಿ ತಂಗಿ? ಅವ್ರು ಬಣ್ಣಾನ ಓದ್ತಾರ." ನಂಬಿ ಹೇಳಿದ್ದು ನನಗೊಬ್ಬಳಿಗೆ.

ನಾನದನ್ನು ಊಟಕ್ಕೆ ಬಡಿಸುತ್ತ ಗಂಡನಿಗೆ ಉಸುರಿದೆ. ಉಸುರಿದ್ದಷ್ಟೇ ಅಲ್ಲ, ನಿನ್ನದೊಂದು ಚೀಟಿಯನ್ನೂ ಕೊಟ್ಟೆ. ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ ಆತ ಕೊಲ್ಲಾಪುರದಲ್ಲಿ ಅದೇ ಹಸಿರು ಚೀಟಿ ಅಚ್ಚು ಹಾಕಿಸಿ, ಒಳಗೆ ತಂಬಾಕಿನ ಬರೀ ದಂಟಿನ ಪುಡಿ, ಸುಣ್ಣ ತುಂಬಿ ಮಾರಿದ. ಹೆಂಗಸರ ಒಸಡು ಸುಟ್ಟಿತು. ಅವರು ಸಂತೆಯಲ್ಲಿ ಬಂದದ್ದು ನಿನ್ನ ಬಳಿ.

"ತಗೋ ನಿನ್ನ ಹಸರ! ತಂಪಂತ ತಂಪ!" ಎಂದು ಪುಡಿಕೆಗಳನ್ನು ನಿನ್ನ ಮಡಿಲಿಗೆ ಎಸೆದರು. ನಾನು ಪಕ್ಕದಲ್ಲೇ ಬದನೆಕಾಯಿ ಆರಿಸುತ್ತಿದ್ದೆ.

"ನೀನರ ಹೇಳ ತಂಗಿ, ಇದು ನನ್ನ ಮಾಲ ಏನ?"

"ನನಗೇನ ಗೊತ್ತ? ಎರಡೂ ಹಸರ ಅದಾವ."

'ಅಕ್ಕಾ' ಎಂದು ಕೂಡ ಕರೆಯಲಿಲ್ಲ ನಾನು. ಎರಡೂ ಹಸಿರಂತೆ! ಥೂ, ನನ್ನ ನಾಲಿಗೆಗೆ — ಕಣ್ಣು ಮುಚ್ಚಿ ಮೂಸಿದರೂ ನಿನ್ನದು ಯಾವುದೆಂದು ಹೇಳುತ್ತಿದ್ದೆ ನಾನು. ಮರುವಾರ ನೀನು ಸಂತೆಗೆ ಬರಲಿಲ್ಲ; ಮಂದಿಯ ಬೀಡಿ ಸುತ್ತಲು ಕೂತೆ. ಇಂದಿಗೂ ಸುತ್ತುತ್ತಿದ್ದೀ. ಗಂಡನ ಮೇಲೆ ಸಿಟ್ಟಿದೆ, ನಿಜ. ಆದರೆ ಅವನೇನು ನಿನ್ನ ಕೈಯ ಮಜ್ಜಿಗೆ ಕುಡಿದು ಬೆಳೆದವನಲ್ಲ. ನಾನು —

ಅಂದು ನಿನ್ನ ಮಡಿಲಿಂದ ನೆಲಕ್ಕೆ ಬಿದ್ದ ಗಂಡನದೊಂದು, ನೀನೇ ನನಗೆ ಕೊಟ್ಟದ್ದೊಂದು, ಎರಡೂ ಪುಡಿಕೆ ನನ್ನ ಟ್ರಂಕಿನಲ್ಲಿವೆ. ನಾಳೆ ಸಂತೆ. ಅದೇ ಜಾಗದಲ್ಲಿ ನಿಂತು ಯಾವುದು ಯಾರದೆಂದು ಕೂಗಿ ಹೇಳುತ್ತೇನೆ. ನೀನು ಬಾರದಿದ್ದರೂ.

ಮಧ್ಯಾಹ್ನ ರೊಟ್ಟಿ, ಕಡಲೆಹಿಟ್ಟಿನ ಝುಣಕ. ಬಡಿಸುತ್ತ ಗಂಡನಿಗೂ ಇದನ್ನೇ ಹೇಳಿದೆ. "ಹುಚ್ಚ ಹಿಡದೈತೇನ ನಿನಗ?" ಎಂದ, ಉಂಡು ಎದ್ದ; ರಾತ್ರಿ ಗೋಡೆಗೆ ಮುಖ ಮಾಡಿ ನನಗಿಂತ ಮೊದಲು ಮಲಗಿದ. ನಾನಿನ್ನೂ ಮಲಗಿಲ್ಲ.