ನಳಿನಾಕ್ಷಿಯಿಂದ ಬಂದದ್ದು

ಮುಂಬಯಿ ಬಳಿಯ ಐರೋಲಿಯ ನಳಿನಾಕ್ಷಿಗೆ ಮೊದಲಿನಿಂದಲೂ ರಕ್ತ ಕಡಿಮೆ. ಕಾಪುವಿನಿಂದ ಮದುವೆಯಾಗಿ ಬಂದ ಮೇಲೆ ಬೀಟ್‌ರೂಟ್, ಖರ್ಜೂರ, ಕಬ್ಬಿಣದ ಮಾತ್ರೆ ಎಲ್ಲ ಆಯಿತು. ಮುಖದ ಬಿಳಿಚು ಹೋಗಲಿಲ್ಲ. ಆ ಸುಸ್ತಿನಲ್ಲೇ ಗಂಡ ಧರ್ಮಪಾಲನ ಹೋಟೆಲಿಗೆ ಹಿಟ್ಟು ರುಬ್ಬಿದಳು, ಮಗಳು ತೃಪ್ತಿಯನ್ನು ಬೆಳೆಸಿ ವಿಠ್ಠಲವಾಡಿಯ ಮನೀಶನಿಗೆ ಕೊಟ್ಟಳು.

ತೃಪ್ತಿ ಬಸುರಿಯಾದಾಗ ಡಾಕ್ಟರು ರಿಪೋರ್ಟು ನೋಡಿ ಹೇಳಿದರು: "ಇದು ಕಬ್ಬಿಣದ ಕೊರತೆಯಲ್ಲ. ಥಲಸ್ಸೇಮಿಯಾ ಮೈನರ್. ಹಿಮೋಗ್ಲೋಬಿನ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ. ಇವರಿಗೇನೂ ಅಪಾಯವಿಲ್ಲ. ಗಂಡನಿಗೂ ಇದ್ದರೆ ಮಾತ್ರ ಮಗುವಿಗೆ ಕಷ್ಟ."

ನಳಿನಾಕ್ಷಿ ತನ್ನ ಬಿಳಿಚಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳ ಪರೀಕ್ಷೆಯಲ್ಲೂ ಅದೇ ಬಂತು. ಮನೀಶನಿಗೂ ಇತ್ತು.

ಇಬ್ಬರ ಕೆಟ್ಟ ಪ್ರತಿಗಳೂ ಕೂಸಿಗೆ ಬಂದರೆ ಅದು ಥಲಸ್ಸೇಮಿಯಾ ಮೇಜರ್, ಬದುಕಿಡೀ ಬೇರೆಯವರ ರಕ್ತ ಏರಿಸಿಕೊಂಡೇ ಇರಬೇಕು. ಹಾಗಾಗುವ ಸಾಧ್ಯತೆ ನಾಲ್ಕರಲ್ಲೊಂದು. ಗರ್ಭದಿಂದ ಚೂರು ಅಂಶ ತೆಗೆದು ಪರೀಕ್ಷೆಗೆ ಕಳಿಸಿದರು. ವಾಪಸು ಬರುವಾಗ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ನಳಿನಾಕ್ಷಿಗೆ ತಡೆಯಲಾಗಲಿಲ್ಲ.

"ನನ್ನಿಂದಲೇ ಅಲ್ವಾ ಮಗಾ?"

"ಮಮ್ಮಿ, ಅಭೀ ನಹೀ, ಈಗ ಬೇಡ," ಎಂದು ತೃಪ್ತಿ ಮುಖ ತಿರುಗಿಸಿದಳು.

ಮನೀಶ ಅತ್ತೆಯ ಕೈಚೀಲ ಇಸಿದುಕೊಂಡ. "ನನ್ನದೂ ಅರ್ಧ ಪಾಲಿದೆಯಲ್ಲ, ಅತ್ತೆ."

ಆಮೇಲೆ ಫೋನು ಸದ್ದು ಮಾಡಿದಾಗಲೆಲ್ಲ ನಳಿನಾಕ್ಷಿ ಒಲೆ ಬಿಟ್ಟು ಓಡುತ್ತಿದ್ದಳು. ಒಗ್ಗರಣೆ ಸೀದುಹೋಗುತ್ತಿತ್ತು. ಧರ್ಮಪಾಲ ಸೀದದ್ದನ್ನೇ ಉಣ್ಣುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಮಗಳ ಫೋನು ಬಂತು. ಮೊದಲು ಕೇಳಿಸಿದ್ದು ಅಳುವೇ.

"ಮೈನರ್ ಅಂತೆ ಮಮ್ಮಿ. ಮೇಜರ್ ಅಲ್ಲ, ಬಚ್ಚಾ ಠೀಕ್ ಹೈ!"

ಅಡುಗೆಮನೆಯ ನೆಲದಲ್ಲೇ ಕುಳಿತು ಅವಳೂ ಅತ್ತಳು. ಅಷ್ಟರಲ್ಲೇ ಇನ್ನೊಂದು ಚಿಂತೆ ಹೊಕ್ಕಿತು. ಊರಲ್ಲಿ ತಮ್ಮ ದಯಾನಂದನ ಮಗಳು ಶ್ರೀಪ್ರಿಯಾಗೆ ಮದುವೆ ಗೊತ್ತಾಗಿತ್ತು. ಅವಳೂ ಹುಟ್ಟಿದಾಗಿನಿಂದ ಬಿಳಿಚಿಕೊಂಡವಳೇ.

"ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸು ಮಾರಾಯ," ಎಂದು ತಮ್ಮನಿಗೆ ಹೇಳಿದಳು.

"ಗಂಡಿನ ಕಡೆಯವರಿಗೆ ಗೊತ್ತಾದ್ರೆ ಎಂತ ಗತಿ? ನೀನು ಸುಮ್ಮನಿರು ಅಕ್ಕ." ಅವನು ಫೋನಿಟ್ಟ.

ಸುಮ್ಮನಿರಲು ಅವಳಿಂದ ಆಗಲಿಲ್ಲ. ತಮ್ಮ ಮುನಿದರೆ ಮುನಿಯಲಿ ಎಂದು ನೇರ ಶ್ರೀಪ್ರಿಯಾಗೇ ಫೋನು ಹಚ್ಚಿದಳು. ಹುಡುಗಿ ಎಲ್ಲ ಕೇಳಿಸಿಕೊಂಡು ಫೋನಿಟ್ಟುಬಿಟ್ಟಳು. ತಪ್ಪು ಮಾಡಿದೆನೇ ಎಂದು ನಳಿನಾಕ್ಷಿ ವಾರವಿಡೀ ಒದ್ದಾಡಿದಳು.

ಮುಂದಿನ ಭಾನುವಾರ ಶ್ರೀಪ್ರಿಯಾ ತಾನೇ ಮಾತಾಡಿದಳು. "ಅತ್ತೆ, ನಾನೂ ನನ್ನನ್ನು ಮದುವೆಯಾಗುವವರೂ ಒಟ್ಟಿಗೇ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ನನಗಿದೆ, ಅವರಿಗಿಲ್ಲ. ಮದುವೆಗೆ ನೀವು ಎರಡು ದಿನ ಮುಂಚೆಯೇ ಬರಬೇಕು."